ಫೇರ್‌ಫ್ಯಾಕ್ಸ್ ಎಎಪಿ ಕ್ಲಾಸು, ಹೊಸ ಬೌಂಡರಿ: ಎರಡು ಮಕ್ಕಳನ್ನ ಎರಡು ದಾರೀಲಿ ಓದಿಸಿದ ಅನುಭವ

ಮೊದ್ಲೇ ಸ್ಟಾರ್ ಹೇಳ್ಬಿಡ್ತೀನಿ. ಎಎಪಿ, ಅಂದ್ರೆ ಚುರುಕು ಮಕ್ಕಳಿಗೆ ಅಂತ ಇಲ್ಲಿನ ಸರ್ಕಾರಿ ಸ್ಕೂಲಲ್ಲಿ ನಡೆಸೋ ಹೆಚ್ಚಿನ ಪಾಠ, ಅದಕ್ಕೆ 5ಕ್ಕೆ 4.5. ಆ ಪಾಠಾನ ಯಾವ್ ಸ್ಕೂಲಲ್ಲಿ ಇಟ್ಟಿದಾರೆ ಅನ್ನೋದಕ್ಕೆ 2.5. ಈಗ ಬೌಂಡರಿ, ಅಂದ್ರೆ ಯಾವ ಮನೆ ಮಕ್ಕಳು ಯಾವ ಸ್ಕೂಲಿಗೆ ಅನ್ನೋ ಗೆರೆ, ಅದನ್ನ ಬದಲಾಯಿಸ್ತಿರೋ ರೀತಿಗೆ 3. ನಾವು ವರ್ಜೀನಿಯಾಗೆ ಬಂದು 12 ವರ್ಷ ಆಯ್ತು, ಫೇರ್‌ಫ್ಯಾಕ್ಸ್ ಕೌಂಟಿಯ ಪಶ್ಚಿಮಕ್ಕೆ, ಡಲ್ಲಸ್ ಏರ್‌ಪೋರ್ಟ್ ಕಡೆ ಮನೆ. ದೊಡ್ಡವಳು ಈಗ ಹೈಸ್ಕೂಲು, ಚಿಕ್ಕೋನು ಮೂರನೇ ಕ್ಲಾಸು. ಅವಳನ್ನ ಸೆಂಟರ್ ಸ್ಕೂಲಿಗೆ ಕಳ್ಸಿದ್ವಿ, ಇವನನ್ನ ಮನೆ ಹತ್ರದ ಸ್ಕೂಲಲ್ಲೇ ಇಟ್ಕೊಂಡ್ವಿ, ಹಾಗಾಗಿ ಎರಡೂ ಕಡೆ ನೋಡಿದೀನಿ ಅನ್ನೋ ಧೈರ್ಯದ ಮೇಲೆ ಬರೀತಿದೀನಿ. ಯುಗಾದಿಗೋ ದೀಪಾವಳಿಗೋ ಕಾವೇರಿ ಕನ್ನಡ ಸಂಘದ ಪ್ರೋಗ್ರಾಂಗೆ ಹೋದ್ರೆ ಊಟದ ಕ್ಯೂನಲ್ಲಿ ಕಿವಿಗೆ ಬೀಳೋದು ಇದೇ ಮಾತು, ನಿಮ್ಮ ಬೇಸ್ ಸ್ಕೂಲ್ (ಮನೆ ಅಡ್ರೆಸ್‌ಗೆ ಸೇರಿದ ಸ್ಕೂಲು) ಯಾವ್ದು, ನಿಮ್ಮ ಬೌಂಡರಿ ಬದಲಾಯ್ತಾ, ಮಗು ಲೆವೆಲ್ ಫೋರ್ ಆಯ್ತಾ. ಹೊಸದಾಗಿ ಬಂದೋರಿಗೆ ಇದು ಅರ್ಥ ಆಗೋಷ್ಟರಲ್ಲಿ ಡೆಡ್‌ಲೈನ್ ಮುಗ್ದೇ ಹೋಗಿರುತ್ತೆ.

ಎಎಪಿ ಅಂದ್ರೆ ಅಡ್ವಾನ್ಸ್ಡ್ ಅಕಾಡೆಮಿಕ್ ಪ್ರೋಗ್ರಾಮ್ಸ್. ಮೊದ್ಲು ಇದನ್ನ ಜಿಟಿ ಅಂತಿದ್ರು, ಗಿಫ್ಟೆಡ್ ಅಂಡ್ ಟ್ಯಾಲೆಂಟೆಡ್, ಹಳಬರು ಈಗ್ಲೂ ಹಾಗೇ ಕರೀತಾರೆ. ಫೇರ್‌ಫ್ಯಾಕ್ಸ್ ವರ್ಜೀನಿಯಾದಲ್ಲೇ ದೊಡ್ಡ ಸ್ಕೂಲ್ ಡಿಸ್ಟ್ರಿಕ್ಟು, ಸುಮಾರು 1.8 ಲಕ್ಷ ಮಕ್ಕಳು, ಹತ್ರಹತ್ರ 200 ಸ್ಕೂಲು. ಎಎಪಿನಲ್ಲಿ ನಾಲ್ಕು ಲೆವೆಲ್. ಒಂದನೇದು ಎಲ್ಲಾ ಮಕ್ಕಳಿಗೂ, ಎರಡನೇದು ಯಾವ ಸಬ್ಜೆಕ್ಟಲ್ಲಿ ಚುರುಕೋ ಅದಕ್ಕೆ ಸ್ವಲ್ಪ ಹೆಚ್ಚಿನ ಪಾಠ, ಮೂರನೇದು ವಾರಕ್ಕೊಂದ್ಸಲ ಬೇರೆ ಟೀಚರ್ ಹತ್ರ ಕ್ಲಾಸು, ನಾಲ್ಕನೇದೇ ಎಲ್ಲರೂ ತಲೆ ಕೆಡಿಸ್ಕೊಳೋದು, ಮೂರನೇ ಕ್ಲಾಸಿಂದ ಎಂಟನೇ ಕ್ಲಾಸ್ ತನಕ ಇಡೀ ದಿನ ಬೇರೆ ಪಾಠ. ಈ ನಾಲ್ಕನೇ ಲೆವೆಲ್ ಸಿಗೋದು ಎರಡು ಥರ. ಒಂದು ಸೆಂಟರ್ ಸ್ಕೂಲು, ಸುತ್ತಮುತ್ತ ಹಲವು ಸ್ಕೂಲಿಂದ ಮಕ್ಕಳನ್ನ ಬಸ್ಸಲ್ಲಿ ಅಲ್ಲಿಗೆ ಕರ್ಕೊಂಡು ಹೋಗ್ತಾರೆ. ಇನ್ನೊಂದು ಲೋಕಲ್ ಲೆವೆಲ್ ಫೋರ್, ಅಂದ್ರೆ ನಿಮ್ಮ ಬೇಸ್ ಸ್ಕೂಲಲ್ಲೇ ಆ ಕ್ಲಾಸ್ ನಡೆಸೋದು. ಈ ಎರಡನೇದು ಮೊದ್ಲು ಕೆಲವೇ ಕಡೆ ಇತ್ತು, ಬರ್ತಾ ಬರ್ತಾ ಜಾಸ್ತಿ ಸ್ಕೂಲಿಗೆ ಬಂತು.

ದೊಡ್ಡವಳ ಟೈಮಿಗೆ ಬರ್ತೀನಿ. ಒಂದನೇ ಕ್ಲಾಸಲ್ಲಿ ಎನ್‌ನ್ಯಾಟ್, ಅದು ಬರೀ ಚಿತ್ರದ ಪ್ಯಾಟರ್ನ್ ಹುಡುಕೋ ಟೆಸ್ಟು. ಎರಡನೇ ಕ್ಲಾಸಲ್ಲಿ ಕಾಗ್ಯಾಟ್, ಅದು ಯೋಚನಾಶಕ್ತಿ ಅಳೆಯೋ ಟೆಸ್ಟು. ಅವಾಗ ಇಡೀ ಕೌಂಟಿಗೆ ಒಂದೇ ಗೆರೆ, 132. ಅಷ್ಟು ಬಂದ್ರೆ ಮಗು ತಾನಾಗೇ ಪೂಲ್‌ಗೆ, ಅಂದ್ರೆ ಲೆವೆಲ್ ಫೋರ್‌ಗೆ ಪರಿಗಣಿಸೋ ಮಕ್ಕಳ ಪಟ್ಟಿಗೆ ಬೀಳುತ್ತೆ, ಕಮಿಟಿ ಫೈಲ್ ನೋಡುತ್ತೆ. ಬರ್ಲಿಲ್ಲ ಅಂದ್ರೆ ಅಪ್ಪ ಅಮ್ಮ ತಾವೇ ಅರ್ಜಿ ಹಾಕ್ಬೇಕು, ವರ್ಕ್ ಸ್ಯಾಂಪಲ್ ಎಲ್ಲ ಸೇರಿಸಿ. 132 ಅನ್ನೋ ಸಂಖ್ಯೆ ಆಗ ನಮ್ಮ ಮನೆಗಳಲ್ಲಿ ಸಿಇಟಿ ರ‍್ಯಾಂಕ್ ಥರ ಆಗಿತ್ತು. ನಾನೂ ಮಾಡಿದ್ದು ತಪ್ಪೇ, ಒಂದು ಕೋಚಿಂಗ್ ಸೆಂಟರ್‌ಗೆ ಎಂಟು ವಾರಕ್ಕೆ ದುಡ್ಡು ಕಟ್ಟಿ ಏಳು ವರ್ಷದ ಮಗೂನ ಶನಿವಾರ ಬೆಳಗ್ಗೆ ಕೂರಿಸಿದೆ, ಅವ್ರು ಕೊಟ್ಟಿದ್ದು ಬರೀ ಜೆರಾಕ್ಸ್ ಹಾಳೆ, ಟೈಮರ್ ಇಟ್ಟು ಮಾಡಿಸೋರು, ಮೂರನೇ ವಾರಕ್ಕೆ ಅವಳು ಕಾರಲ್ಲೇ ಕೂತು ಇಳಿಯಲ್ಲ ಅಂತ ಅತ್ತಳು. ಅವತ್ತೇ ನಿಲ್ಲಿಸಿದ್ವಿ. ದುಡ್ಡು ವಾಪಸ್ ಕೇಳಿದ್ದಕ್ಕೆ ಅವ್ರು ಕೊಡ್ಲೂ ಇಲ್ಲ. ಇಲ್ಲಿ ಓದ್ತಿರೋ ಚಿಕ್ಕ ಮಕ್ಕಳ ತಾಯಂದ್ರಿಗೆ ನನ್ನ ಒಂದೇ ಕೋರಿಕೆ, ಅದಕ್ಕೆ ದುಡ್ಡು ಸುರೀಬೇಡಿ. ಟೆಸ್ಟ್ ಸ್ಕೋರ್ ಬರ್ಲಿಲ್ಲ ಅಂದ್ರೂ ಅಪೀಲ್ ಇದೆ, ಬೇಕಂದ್ರೆ ಸೈಕಾಲಜಿಸ್ಟ್ ಹತ್ರ ವಿಸ್ಕ್ ಅನ್ನೋ ಐಕ್ಯೂ ಟೆಸ್ಟ್ ಮಾಡಿಸಬಹುದು, ಜಾರ್ಜ್ ಮೇಸನ್ ಯೂನಿವರ್ಸಿಟಿಯ ಕ್ಲಿನಿಕ್‌ನಲ್ಲೂ ಮಾಡ್ತಾರೆ, ಪ್ರೈವೇಟ್‌ಗಿಂತ ಖರ್ಚು ಕಮ್ಮಿ.

ಸರಿ, ಅವಳಿಗೆ ಸಿಕ್ತು. 2019ರ ಆಗಸ್ಟಲ್ಲಿ ಮೂರನೇ ಕ್ಲಾಸಿಗೆ ಸೆಂಟರ್ ಸ್ಕೂಲಿಗೆ. ಮೊದಲ್ನೇ ದಿನ ಬೆಳಗ್ಗೆ ನಮ್ಮ ಬೀದಿ ತಿರುವಿನ ಬಸ್ ಸ್ಟಾಪ್ ನನ್ನ ಕಣ್ಣಿಗೆ ಈಗ್ಲೂ ಕಟ್ಟಿದಂಗಿದೆ. ಅವಳೂ ಪಕ್ಕದ್ಮನೆ ಹುಡುಗೀನೂ ಕಿಂಡರ್‌ಗಾರ್ಟನ್‌ನಿಂದ ಒಂದೇ ಬಸ್ಸು, ಒಂದೇ ಸೀಟು, ಒಂದೇ ಥರದ ನೇರಳೆ ಬಣ್ಣದ ವಾಟರ್ ಬಾಟಲ್. ಅವತ್ತು ಎರಡು ಬಸ್ ಬಂತು. ಸೆಂಟರ್ ಬಸ್ಸು ಮೂರ್ನಾಕು ಏರಿಯಾ ಸುತ್ತಿ ಹೋಗ್ಬೇಕಲ್ಲ, ಅದಕ್ಕೆ ಬೇಗ ಬಂತು, ಇವಳು ಹತ್ತಿದ್ಲು. ಆ ಮಗು ಫುಟ್‌ಪಾತ್ ಮೇಲೆ ನಿಂತು ಕೈ ಬೀಸ್ತು, ಬಸ್ ಹೋದ್ಮೇಲೆ ನನ್ ಮುಖ ನೋಡಿ "ಆಂಟಿ, ಶೀ ಈಸ್ ಸ್ಮಾರ್ಟ್, ಸೋ ಶೀ ಹ್ಯಾಸ್ ಟು ಗೋ?" ಅಂತ ಕೇಳ್ತು. ಅವರಮ್ಮ ಅಲ್ಲೇ ನಿಂತಿದ್ರು. ನಾವಿಬ್ರೂ ಏನೂ ಮಾತಾಡ್ಲಿಲ್ಲ. ಏಳೆಂಟು ವರ್ಷದ ಮಗು ತಾನು ಸ್ಮಾರ್ಟ್ ಅಲ್ಲ ಅಂತ ಬಸ್ ನೋಡಿ ತೀರ್ಮಾನ ಮಾಡ್ಕೊಳ್ತು, ಇದನ್ನ ಯಾವ ಟೆಸ್ಟೂ ಹೇಳಿರ್ಲಿಲ್ಲ, ಬಸ್ ಹೇಳ್ತು.

ಈಗ ಪಾಠದ ವಿಷಯ, ಅದಕ್ಕೆ ಯಾಕೆ 4.5 ಕೊಟ್ಟೆ ಅಂತ. ನಾಲ್ಕನೇ ಕ್ಲಾಸಲ್ಲಿ ಒಂದು ಸಂಜೆ ಅಡುಗೆಮನೆಗೆ ಬಂದು ಟೂತ್‌ಪಿಕ್ ಡಬ್ಬ ಕೇಳಿದ್ಲು. 24 ಕಡ್ಡಿ ಎಣಿಸ್ಕೊಂಡು ನೆಲದ ಮೇಲೆ ಆಯತ ಕಟ್ಟೋಕೆ ಕೂತ್ಲು. ಒಂದು ಕಡೆ 1, ಇನ್ನೊಂದು ಕಡೆ 11 ಇಟ್ರೆ ಒಳಗೆ 11 ಚೌಕ. 2, 10 ಇಟ್ರೆ 20. 3, 9 ಇಟ್ರೆ 27. ಹಂಗೇ 32, 35, ಕೊನೆಗೆ 6, 6 ಇಟ್ರೆ 36. ಕಡ್ಡಿ ಅಷ್ಟೇ, ಜಾಗ ಮಾತ್ರ ಬೆಳೀತಾ ಹೋಯ್ತು. ಹೋಮ್‌ವರ್ಕ್‌ನಲ್ಲಿ ಕೇಳಿದ್ದು ಉತ್ತರ ಅಲ್ಲ, ಯಾಕೆ ಹಾಗಾಗುತ್ತೆ ಅಂತ ನಿನ್ನ ಮಾತಲ್ಲಿ ಬರಿ ಅಂತ. ನಮ್ಮೆಜಮಾನ್ರು ಇಂಜಿನಿಯರ್, ಅವ್ರೂ ಪಕ್ಕದಲ್ಲಿ ಕೂತು ಅರ್ಧ ಗಂಟೆ ಕಡ್ಡಿ ಜೋಡಿಸಿದ್ರು, ಒಗ್ಗರಣೆ ಸೀದು ಹೋಯ್ತು, ಯಾರೂ ಬೇಜಾರ್ ಮಾಡ್ಕೊಳ್ಳಲಿಲ್ಲ. ಈ ಥರದ ಪಾಠ. ಪದಗಳ ಬೇರು ಲ್ಯಾಟಿನ್‌ನಲ್ಲಿ ಹುಡುಕೋದು, ಒಂದು ಕಥೆ ಓದಿ ಅದರೊಳಗಿನ ವಾದಾನ ಬಿಡಿಸೋದು, ಗಣಿತ ಒಂದು ವರ್ಷ ಮುಂದೆ. ನಿಜ ಹೇಳ್ಬೇಕಂದ್ರೆ ನಾನು ಪಿಯುಸಿ ತನಕ ಇಂಥ ಪ್ರಶ್ನೆನೇ ಕೇಳಿಸ್ಕೊಂಡಿರ್ಲಿಲ್ಲ.

ಆದ್ರೆ ಆ ಟೂತ್‌ಪಿಕ್ ಲೆಕ್ಕ ಪಕ್ಕದ್ಮನೆ ಮಗುಗೆ ಯಾಕೆ ಇಲ್ಲ? ಅದಕ್ಕೇನು 132 ಬೇಕಾ? ಆ ಹುಡುಗಿ ನಮ್ಮನೇಗೆ ಬಂದಾಗ ಅದೇ ಕಡ್ಡಿ ಕೊಟ್ಟೆ, ಅವಳೂ ಮಾಡಿದ್ಲು, ಖುಷಿಯಾಗಿ ಮಾಡಿದ್ಲು. ಆವತ್ತಿಂದ ಈ ವಿಷಯ ನನ್ನ ತಲೆಯಿಂದ ಹೋಗೇ ಇಲ್ಲ.

ಅಷ್ಟರಲ್ಲಾಗ್ಲೇ, ಅವಳ ಮೂರನೇ ಕ್ಲಾಸಿನ ನಡುವೆನೇ, ಕೋವಿಡ್ ಬಂದಿತ್ತು. 2020 ಮಾರ್ಚಲ್ಲಿ ಸ್ಕೂಲ್ ಮುಚ್ಚಿದ್ರು. ಅವಳಿಗೆ ಸೆಂಟರಲ್ಲಿ ಆಗಿದ್ದು ಏಳೇ ತಿಂಗಳು. ಅಲ್ಲಿನ ಫ್ರೆಂಡ್ಸ್ ಎಲ್ಲ ಐದಾರು ಮೈಲಿ ಆಚೆ ಈಚೆ, ಒಬ್ಬರೂ ನಡೆದು ಹೋಗೋಷ್ಟು ಹತ್ರ ಇಲ್ಲ. ಬೀದೀಲಿ ಸಂಜೆ ಮಕ್ಕಳು ಸೈಕಲ್ ಹೊಡೀತಿದ್ರೆ ಇವಳು ಕಿಟಕೀಲಿ ನಿಂತು ನೋಡೋಳು, ಹೋಗು ಅಂದ್ರೆ "ಅವ್ರು ನನ್ ಸ್ಕೂಲ್ ಅಲ್ಲಮ್ಮ" ಅನ್ನೋಳು. ವರ್ಷದ ಹಿಂದಷ್ಟೇ ಒಂದೇ ಸೀಟಲ್ಲಿ ಕೂತಿದ್ದ ಮಕ್ಕಳು. ಇದಕ್ಕೆ ಕೋವಿಡ್ ಕಾರಣ ಅಂತ ಹೇಳಬಹುದು, ಆದ್ರೆ ಕೋವಿಡ್ ಇಲ್ಲದಿದ್ರೆ ಇದು ನನ್ನ ಕಣ್ಣಿಗೆ ಬೀಳ್ತಾನೇ ಇರ್ಲಿಲ್ಲ ಅಷ್ಟೇ.

ಚಿಕ್ಕೋನ ಟೈಮಿಗೆ ನಿಯಮ ಎಲ್ಲ ಬದಲಾಗಿತ್ತು. ಈಗ 132 ಅನ್ನೋ ಒಂದೇ ಗೆರೆ ಇಲ್ಲ, ಪ್ರತಿ ಸ್ಕೂಲಿನ ಮೇಲಿನ 10 ಪರ್ಸೆಂಟ್ ಮಕ್ಕಳು ಪೂಲ್‌ಗೆ ಬರ್ತಾರೆ, ಅಂದ್ರೆ ಮಗೂನ ಅದರ ಸ್ಕೂಲಿನ ಮಕ್ಕಳ ಜೊತೆ ಹೋಲಿಸ್ತಾರೆ, ಹತ್ತು ಮೈಲಿ ದೂರದ ದೊಡ್ಡ ಮನೆಗಳ ಏರಿಯಾದ ಜೊತೆ ಅಲ್ಲ. ಮಗು ಬಗ್ಗೆ ಟೀಚರ್ ತುಂಬೋ ಜಿಬಿಆರ್‌ಎಸ್ ಅನ್ನೋ ಹಳೇ ರೇಟಿಂಗ್ ಹೋಗಿ ಹೋಪ್ ಅನ್ನೋ ರೇಟಿಂಗ್ ಬಂದಿದೆ. ನಮ್ಮವ್ರು ಬಹಳ ಜನ ಇದಕ್ಕೆ ಬಯ್ತಾರೆ, ನಮ್ಮ ಮಕ್ಕಳಿಗೆ ಅನ್ಯಾಯ ಅಂತ. ನನಗೆ ಹಾಗನ್ಸಲ್ಲ. ಒಂದು ಸ್ಕೂಲಲ್ಲಿ ಮುಕ್ಕಾಲು ಮಕ್ಕಳು ಮನೇಲಿ ಇಂಗ್ಲಿಷ್ ಮಾತಾಡಲ್ಲ, ಅಪ್ಪ ಅಮ್ಮ ಎರಡೆರಡು ಶಿಫ್ಟ್ ಕೆಲಸ ಅಂತಿಟ್ಕೊಳಿ, ಅಲ್ಲಿ ಎಲ್ಲರಿಗಿಂತ ಮುಂದಿರೋ ಮಗುಗೆ ಹೆಚ್ಚಿನ ಪಾಠ ಬೇಕೇ ಬೇಕಲ್ವಾ, ಆ ಮಗುಗೆ ಕೊಟ್ರೆ ನನ್ ಮಗಂದೇನು ಕಿತ್ಕೊಂಡಂಗಾಯ್ತು? ಯಂಗ್ ಸ್ಕಾಲರ್ಸ್ ಅಂತ ಇನ್ನೊಂದು ಪ್ರೋಗ್ರಾಂ ಬಹಳ ವರ್ಷದಿಂದ ಇದೆ, ಇಂಥ ಮಕ್ಕಳನ್ನ ಕಿಂಡರ್‌ಗಾರ್ಟನ್‌ನಲ್ಲೇ ಗುರುತಿಸಿ ಕೈ ಹಿಡಿಯೋದು, ಅದಕ್ಕೆ ಪೂರ್ತಿ 5 ಸ್ಟಾರ್ ನನ್ನ ಕಡೆಯಿಂದ.

ಇವನಿಗೂ ಏಪ್ರಿಲ್‌ನಲ್ಲಿ ಎಲಿಜಿಬಲ್ ಅಂತ ಲೆಟರ್ ಬಂತು. ಸೆಂಟರಾ ಲೋಕಲ್ಲಾ ಅಂತ ಕೇಳ್ತಾರೆ. ಮನೇಲಿ ಎರಡು ವಾರ ಚರ್ಚೆ. ಅಕ್ಕನೇ ಹೇಳಿದ್ಲು, ಇಲ್ಲೇ ಇರ್ಲಿ ಅಂತ. ಅವನಿಗೆ ನಡ್ಕೊಂಡು ಹೋಗೋ ದಾರಿ, ಎಂಟು ನಿಮಿಷ. ಲೋಕಲ್ ಕ್ಲಾಸ್ ಹೇಗಿದೆ ಅಂದ್ರೆ, ಸೆಂಟರ್ ಎಲಿಜಿಬಲ್ ಆಗಿರೋ ಮಕ್ಕಳು ಒಂದು ರೂಮ್ ತುಂಬೋಷ್ಟಿಲ್ಲ, ಉಳಿದ ಸೀಟಿಗೆ ಪ್ರಿನ್ಸಿಪಾಲ್ ತಾವೇ ಆರಿಸಿ ಮಕ್ಕಳನ್ನ ಹಾಕ್ತಾರೆ. ಕೆಲವರು ಇದನ್ನ ಕೊರತೆ ಅಂತಾರೆ. ಅವರ ವಾದದಲ್ಲೂ ಹುರುಳಿದೆ, ಒಂದೇ ಸೆಕ್ಷನ್ ಇದ್ರೆ ಮೂರರಿಂದ ಆರನೇ ಕ್ಲಾಸ್ ತನಕ ಅದೇ ಇಪ್ಪತ್ತು ಚಿಲ್ರೆ ಮಕ್ಕಳು, ಯಾರ ಜೊತೆನಾದ್ರೂ ಜಗಳ ಆದ್ರೆ ನಾಲ್ಕು ವರ್ಷ ಮುಖ ನೋಡ್ಬೇಕು, ಟೀಚರ್ ಬಿಟ್ಟೋದ್ರೆ ಬದಲಿಗೆ ಇನ್ನೊಬ್ರಿಲ್ಲ. ಸೆಂಟರಲ್ಲಿ ಒಂದು ಗ್ರೇಡಿಗೆ ಎರಡು ಮೂರು ಸೆಕ್ಷನ್, ಅನುಭವಸ್ಥ ಟೀಚರ್‌ಗಳು, ಚೆಸ್ಸಿಗೂ ಗಣಿತಕ್ಕೂ ಜೊತೆಗಾರರು. ತುಂಬಾ ಮುಂದಿರೋ ಮಗು, ಅಂದ್ರೆ ಎರಡನೇ ಕ್ಲಾಸಲ್ಲೇ ಭಿನ್ನರಾಶಿ ಆಡ್ಕೊಂಡು ಮಾಡೋ ಮಗು, ಅದಕ್ಕೆ ಅಲ್ಲಿ ಮಾತ್ರ ತನ್ನಂಥೋರು ಸಿಗ್ತಾರೆ ಅನ್ನೋದು ನಿಜ. ಅಂಥ ಮಕ್ಕಳ ಅಪ್ಪ ಅಮ್ಮ ಸೆಂಟರ್ ಮುಚ್ಚಬೇಡಿ ಅಂತ ಅತ್ತಿದ್ದನ್ನ ನಾನೇ ಮೀಟಿಂಗಲ್ಲಿ ನೋಡಿದೀನಿ, ಅವ್ರನ್ನ ಸ್ವಾರ್ಥಿಗಳು ಅನ್ನೋಕೆ ನನ್ ಮನಸ್ಸು ಒಪ್ಪಲ್ಲ.

ಮೀಟಿಂಗ್ ಅಂದ್ನಲ್ಲ, ಬೌಂಡರಿ ವಿಷಯಕ್ಕೆ ಬಂದೆ. 2024ರ ಜುಲೈನಲ್ಲಿ ಸ್ಕೂಲ್ ಬೋರ್ಡು ತನ್ನ 8130ನೇ ಪಾಲಿಸಿ ಬದಲಾಯಿಸಿ, ಇನ್ಮೇಲೆ ಐದು ವರ್ಷಕ್ಕೊಂದ್ಸಲ ಇಡೀ ಕೌಂಟಿಯ ಬೌಂಡರಿ ಪರಿಶೀಲನೆ ಆಗ್ಲೇಬೇಕು ಅಂತ ಮಾಡ್ತು. ಇದಕ್ಕೆ ಮುಂಚೆ ಇಡೀ ಕೌಂಟೀನ ಒಟ್ಟಿಗೆ ನೋಡಿದ್ದು ಸುಮಾರು 40 ವರ್ಷದ ಹಿಂದೆ! ನಡುವೆ ಅಲ್ಲೊಂದು ಇಲ್ಲೊಂದು ತೇಪೆ ಹಾಕಿದ್ದೇ. ಅಷ್ಟರಲ್ಲಿ ಡಲ್ಲಸ್ ಕಡೆ ಹೊಲ ಇದ್ದ ಜಾಗದಲ್ಲೆಲ್ಲ ಟೌನ್‌ಹೌಸ್ ಬಂತು, ಸಿಲ್ವರ್ ಲೈನ್ ಮೆಟ್ರೋ ಬಂತು, ಕೆಲವು ಸ್ಕೂಲಲ್ಲಿ ಮಕ್ಕಳು ಹೊರಗೆ ಟ್ರೇಲರ್‌ನಲ್ಲಿ ಕೂತು ಪಾಠ ಕೇಳ್ತಾರೆ, ಇನ್ನು ಕೆಲವು ಸ್ಕೂಲಲ್ಲಿ ರೂಮ್ ಖಾಲಿ. ಹೊಸ ಬೌಂಡರಿ 2026-27ನೇ ಸ್ಕೂಲ್ ವರ್ಷದಿಂದ ಅಂತ ಇಟ್ಕೊಂಡು ಕೆಲಸ ಶುರು ಮಾಡಿದ್ರು, ಕನ್ಸಲ್ಟಂಟ್ ಕಂಪ್ನಿ, ಜನರ ಕಮಿಟಿ, ಹೈಸ್ಕೂಲ್ ಹೈಸ್ಕೂಲಲ್ಲಿ ಸಭೆ.

ನಾನು ಹೋದ ಸಭೆ ಒಂದು ಹೈಸ್ಕೂಲ್ ಕೆಫೆಟೇರಿಯಾದಲ್ಲಿ. ಟೇಬಲ್ಲಿಗೆ ಎಂಟೆಂಟು ಜನ. ಮ್ಯಾಪ್ ಮೇಲೆ ಬಣ್ಣಬಣ್ಣದ ಗೆರೆ. ಅವತ್ತು ಎರಡು ಹೊಸ ಪದ ಕಲಿತೆ. ಒಂದು ಅಟೆಂಡೆನ್ಸ್ ಐಲ್ಯಾಂಡ್, ಅಂದ್ರೆ ದ್ವೀಪ, ಸುತ್ತಲಿನ ಮನೆಗಳೆಲ್ಲ ಒಂದು ಸ್ಕೂಲಿಗೆ, ನಡುವೆ ಒಂದು ತುಣುಕು ಮಾತ್ರ ದೂರದ ಇನ್ನೊಂದು ಸ್ಕೂಲಿಗೆ. ಇನ್ನೊಂದು ಸ್ಪ್ಲಿಟ್ ಫೀಡರ್, ಒಂದೇ ಎಲಿಮೆಂಟರಿ ಮಕ್ಕಳನ್ನ ಆರನೇ ಕ್ಲಾಸ್ ಆದ್ಮೇಲೆ ಒಡೆದು ಎರಡು ಮೂರು ಮಿಡಲ್ ಸ್ಕೂಲಿಗೆ ಹಂಚೋದು. ಇವೆರಡನ್ನೂ ಕಮ್ಮಿ ಮಾಡ್ಬೇಕು ಅನ್ನೋದು ಪರಿಶೀಲನೆಯ ಗುರಿಗಳಲ್ಲಿತ್ತು, ಒಳ್ಳೇ ಗುರಿನೇ. ನಮ್ಮ ಟೇಬಲ್ಲಲ್ಲಿ ಒಬ್ಬ ಅಜ್ಜ ಇದ್ರು, ಅವ್ರ ಮಕ್ಕಳು ಓದಿ ಮುಗಿಸಿ ಕಾಲ ಆಗಿದೆ, ಆದ್ರೂ ಬಂದಿದ್ರು, 2008ರ ಕಥೆ ಹೇಳಿದ್ರು. ಆಗ ರೆಸ್ಟನ್‌ನ ಸೌತ್ ಲೇಕ್ಸ್ ಹೈಸ್ಕೂಲಲ್ಲಿ ಮಕ್ಕಳು ಕಮ್ಮಿ ಅಂತ ಸುತ್ತಲಿನ ಹೈಸ್ಕೂಲ್‌ಗಳ ಕೆಲವು ಏರಿಯಾನ ಅಲ್ಲಿಗೆ ಸೇರಿಸಿದ್ರು, ಗಲಾಟೆ ಆಗಿ ಜನ ಕೋರ್ಟಿಗೂ ಹೋದ್ರು. ಇವತ್ತು ಅದೇ ಸೌತ್ ಲೇಕ್ಸ್‌ನಿಂದ ನಮ್ಮನ್ನ ತೆಗೀಬೇಡಿ ಅಂತ ಜನ ಬರ್ತಾರೆ ನೋಡಮ್ಮ ಅಂದ್ರು.

ಸಭೇಲಿ ಎಲ್ಲರ ಪ್ರಶ್ನೆ ಒಂದೇ, ನನ್ ಮನೆ ಯಾವ ಕಡೆ ಬೀಳುತ್ತೆ, ಈಗ ಓದ್ತಿರೋ ಮಗು ಅಲ್ಲೇ ಮುಗಿಸಬಹುದಾ, ಮುಗಿಸಬಹುದು ಅಂದ್ರೆ ಬಸ್ ಇರುತ್ತಾ. ಆನ್‌ಲೈನಲ್ಲಿ ಅಡ್ರೆಸ್ ಟೈಪ್ ಮಾಡಿ ನೋಡೋ ಮ್ಯಾಪ್ ಬಿಟ್ಟಿದ್ರು, ಅದಕ್ಕೆ ಒಂದು ಸ್ಟಾರ್ ಜಾಸ್ತಿನೇ ಕೊಡ್ತೀನಿ, ಯಾರ ಮಾತೂ ನಂಬಬೇಕಾಗಿಲ್ಲ, ತಾನೇ ನೋಡ್ಕೋಬಹುದು. ನಾವು ಮನೆ ತಗೊಳ್ಳುವಾಗ ಏಜೆಂಟ್ ಒಬ್ರು "ಹೈಸ್ಕೂಲ್ ತನಕ ನಿಮಗೆ ಯೋಚ್ನೆನೇ ಇಲ್ಲ, ಇಲ್ಲಿ ಬೌಂಡರಿ ಬದಲಾಗೋದೇ ಇಲ್ಲ" ಅಂದಿದ್ರು, ಅದನ್ನ ನಂಬಿ ಬಜೆಟ್ ಮೀರಿ ತಗೊಂಡ್ವಿ. ಬೌಂಡರಿ ಅನ್ನೋದು ಮನೆ ಪತ್ರದಲ್ಲಿ ಬರೆದಿರೋದಲ್ಲ. ಮನೆ ನೋಡ್ತಿರೋರು ದಯವಿಟ್ಟು ಇದೊಂದು ನೆನಪಿಟ್ಕೊಳಿ.

ಈಗ ನಾನು ಮುಖ್ಯವಾಗಿ ಹೇಳ್ಬೇಕಂತಿರೋದು. ಬೌಂಡರಿ ಒಂದು ಕಡೆ, ಎಎಪಿ ಸೆಂಟರ್ ಇನ್ನೊಂದು ಕಡೆ ಅಂತ ಬೇರೆ ಬೇರೆ ಮಾತಾಡ್ತಾರೆ, ಎರಡೂ ಒಂದೇ ಲೆಕ್ಕ. ಒಂದು ಉದಾಹರಣೆ ತಗೊಳಿ, ಲೆಕ್ಕ ನಂದೇ. ಒಂದು ಸ್ಕೂಲಲ್ಲಿ 900 ಮಕ್ಕಳಿಗೆ ಜಾಗ. ಅದರ ಬೌಂಡರಿ ಒಳಗಿನ ಮಕ್ಕಳು 700. ಅದು ಸೆಂಟರ್ ಆಗಿರೋದ್ರಿಂದ ಹೊರಗಿಂದ 250 ಮಕ್ಕಳು ಬಸ್ಸಲ್ಲಿ ಬರ್ತಾರೆ, ಒಟ್ಟು 950, ಸ್ಕೂಲ್ ತುಂಬಿ ತುಳುಕ್ತು, ಟ್ರೇಲರ್ ಬಂತು. ಆ 250 ಮಕ್ಕಳು ಎಲ್ಲಿಂದ ಬಂದ್ರು? ಸುತ್ತಲಿನ ನಾಲ್ಕೈದು ಸ್ಕೂಲಿಂದ. ಅಲ್ಲಿ ರೂಮ್ ಖಾಲಿ ಆಯ್ತು. ಈಗ ಈ ಸ್ಕೂಲ್ ತುಂಬಿದೆ ಅಂತ ಬೌಂಡರಿ ಕುಗ್ಗಿಸಿದ್ರೆ ಹೊರಗೆ ಹೋಗೋದು ಯಾರು? ನಡ್ಕೊಂಡು ಬರೋ ಪಕ್ಕದ ಬೀದಿ ಮಗು! ಬಸ್ಸಲ್ಲಿ ಬರೋ ಮಗು ಒಳಗೇ ಇರುತ್ತೆ. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಹಂಗೆ. ಗೆರೆ ಎಳೆಯೋಕೆ ಮುಂಚೆ ಯಾವ ಸ್ಕೂಲಲ್ಲಿ ಯಾವ ಪ್ರೋಗ್ರಾಂ ಅಂತ ತೀರ್ಮಾನ ಆಗ್ಬೇಕು. ಪ್ರತಿ ಸ್ಕೂಲಲ್ಲೂ ಗಟ್ಟಿಯಾದ ಲೋಕಲ್ ಲೆವೆಲ್ ಫೋರ್ ಕೊಟ್ಟು ನೋಡಿ, ಅರ್ಧ ಬೌಂಡರಿ ಸಮಸ್ಯೆ ಗೆರೆ ಮುಟ್ಟದೇನೇ ಸರಿ ಹೋಗುತ್ತೆ ಅನ್ನೋದು ನನ್ನ ನಂಬಿಕೆ. ಸಭೇಲೂ ಇದನ್ನೇ ಹೇಳಿದೆ, ಟೇಬಲ್ಲಿನ ಹುಡುಗಿ ಬರ್ಕೊಂಡ್ಲು.

ಮಿಡಲ್ ಸ್ಕೂಲಲ್ಲಿ ಇದು ಇನ್ನೂ ಸೂಕ್ಷ್ಮ. ಇಲ್ಲಿ ಮಿಡಲ್ ಅಂದ್ರೆ ಬಹುತೇಕ ಕಡೆ ಏಳು ಎಂಟು ಎರಡೇ ಕ್ಲಾಸು. ಆನರ್ಸ್ ಕ್ಲಾಸ್ ಯಾರು ಬೇಕಾದ್ರೂ ತಗೋಬಹುದು, ಆದ್ರೂ ಎಎಪಿ ಸೆಂಟರ್ ಅಂತ ಬೇರೆ ಇದೆ, ಎಲ್ಲ ಮಿಡಲ್ ಸ್ಕೂಲಲ್ಲೂ ಎಎಪಿ ಕೊಡಿ ಅನ್ನೋ ಮಾತೂ ನಡೀತಿದೆ, ನಂಗಂತೂ ಅದೇ ಸರಿ ಅನ್ಸುತ್ತೆ. ಏಳನೇ ಕ್ಲಾಸಲ್ಲೇ ಆಲ್ಜಿಬ್ರಾ ಬೇಕಂದ್ರೆ ನಮ್ಮ ಟೈಮಲ್ಲಿ ಆಲ್ಜಿಬ್ರಾಗೆ ಮಗು ತಯಾರಿದೆಯಾ ಅಂತ ನೋಡೋ ಅಯೋವಾ ಟೆಸ್ಟಲ್ಲಿ 91 ಪರ್ಸೆಂಟೈಲ್, ಜೊತೆಗೆ ಸ್ಟೇಟ್ ಪರೀಕ್ಷೆ ಎಸ್‌ಒಎಲ್‌ನಲ್ಲಿ 500 ಬೇಕಿತ್ತು, ಅದು ಸೆಂಟರ್ ಆಗ್ಲಿ ಬೇಸ್ ಆಗ್ಲಿ ಒಂದೇ. ಅಂದ್ಮೇಲೆ ಆಲ್ಜಿಬ್ರಾ ಎಲ್ಲಾ ಕಡೆ ಕೊಡೋಕಾದ್ರೆ ಉಳಿದಿದ್ದೂ ಕೊಡೋಕಾಗಲ್ವಾ?

ಟೀಜೇ ವಿಷಯ ಹೇಳದೆ ಮುಗಿಯಲ್ಲ. ಥಾಮಸ್ ಜೆಫರ್ಸನ್ ಸೈನ್ಸ್ ಹೈಸ್ಕೂಲು. 2020ರ ಕೊನೇಲಿ ಎಂಟ್ರೆನ್ಸ್ ಟೆಸ್ಟ್ ತೆಗೆದ್ರು, 100 ಡಾಲರ್ ಅಪ್ಲಿಕೇಶನ್ ಫೀ ತೆಗೆದ್ರು, ಪ್ರತಿ ಪಬ್ಲಿಕ್ ಮಿಡಲ್ ಸ್ಕೂಲಿನ ಎಂಟನೇ ಕ್ಲಾಸಿನ 1.5 ಪರ್ಸೆಂಟ್‌ನಷ್ಟು ಸೀಟು ಆ ಸ್ಕೂಲಿಗೇ ಅಂತ ಮಾಡಿದ್ರು. ಮೊದಲ ವರ್ಷವೇ ಏಷ್ಯನ್ ಮಕ್ಕಳ ಪಾಲು ಸುಮಾರು 73ರಿಂದ 54 ಪರ್ಸೆಂಟಿಗೆ ಇಳೀತು. ನಮ್ಮವರೂ ಸೇರಿ ಪೇರೆಂಟ್ಸ್ ಕೇಸ್ ಹಾಕಿದ್ರು, 2022ರಲ್ಲಿ ಕೆಳಗಿನ ಕೋರ್ಟಲ್ಲಿ ಗೆದ್ರು, 2023ರಲ್ಲಿ ಅಪೀಲ್ಸ್ ಕೋರ್ಟ್ ಅದನ್ನ ತಿರುಗಿಸ್ತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲ್ಲ ಅಂತು. ಅಲ್ಲಿಗೆ ಮುಗೀತು. ಅದರ ಸರಿತಪ್ಪು ಇಲ್ಲಿ ಬೇಡ, ಅದೇ ಒಂದು ದೊಡ್ಡ ಮಾತು. ಇಲ್ಲಿಗೆ ಸಂಬಂಧ ಏನಂದ್ರೆ, ಮುಂಚೆ ಟೀಜೇ ಬೇಕಂದ್ರೆ ಕೆಲವೇ ಮಿಡಲ್ ಸ್ಕೂಲ್ ಸೆಂಟರ್‌ಗೆ ಹೋಗ್ಬೇಕು ಅನ್ನೋ ಲೆಕ್ಕಾಚಾರ ಇತ್ತು, ಮನೆ ತಗೊಳೋದೂ ಅದೇ ಲೆಕ್ಕದಲ್ಲಿ. ಈಗ ಸೀಟೇ ಸ್ಕೂಲ್ ಸ್ಕೂಲಿಗೆ ಹಂಚಿ ಹೋಗಿದೆ, ಎಲ್ಲರೂ ಒಂದೇ ಕಡೆ ಗುಂಪು ಕಟ್ಟಿದ್ರೆ ಅಲ್ಲೇ ಪೈಪೋಟಿ ಜಾಸ್ತಿ. ಆದ್ರೂ ಹಳೇ ಅಭ್ಯಾಸ ಹೋಗಿಲ್ಲ ನಮ್ಮವರಿಗೆ. ನಮ್ಮ ದೊಡ್ಡವಳು ಟೀಜೇಗೆ ಅಪ್ಲೈ ಮಾಡ್ಲಿಲ್ಲ, ಬೀದಿ ಹುಡುಗ್ರ ಜೊತೆ ಬೇಸ್ ಹೈಸ್ಕೂಲಿಗೇ ಹೋಗ್ತೀನಿ ಅಂದ್ಲು. ಆರು ವರ್ಷ ದೂರ ಹೋಗಿ ಬಂದೋಳು. ನಾವು ಎರಡನೇ ಮಾತಾಡ್ಲಿಲ್ಲ.

ಹೈಸ್ಕೂಲಲ್ಲಿ ಇನ್ನೊಂದು ಗಂಟು ಎಪಿ, ಐಬಿ, ಎರಡೂ ಕಾಲೇಜ್ ಮಟ್ಟದ ಪಾಠ ಕೊಡೋ ಬೇರೆ ಬೇರೆ ಪ್ರೋಗ್ರಾಂ. ಫೇರ್‌ಫ್ಯಾಕ್ಸಲ್ಲಿ ಸೌತ್ ಲೇಕ್ಸ್, ಮಾರ್ಷಲ್, ರಾಬಿನ್ಸನ್ ಥರ ಕೆಲವು ಹೈಸ್ಕೂಲಲ್ಲಿ ಐಬಿ, ಉಳಿದ ಕಡೆ ಎಪಿ. ನಿಮ್ಮ ಬೇಸ್ ಸ್ಕೂಲಲ್ಲಿ ಐಬಿ ಇದ್ದು ನಿಮಗೆ ಎಪಿ ಬೇಕಂದ್ರೆ ಟ್ರಾನ್ಸ್‌ಫರ್ ಕೇಳಬಹುದು, ತಿರುಗಾ ಮುರುಗಾನೂ ಅಷ್ಟೇ. ಎಷ್ಟೋ ಜನ ಪಾಠದ ಆಸೆಗೆ ಕೇಳ್ತಾರೆ, ಕೆಲವರು ಆ ಸ್ಕೂಲೇ ಬೇಡ ಅಂತ ಕೇಳ್ತಾರೆ. ಬೌಂಡರಿ ಎಷ್ಟೇ ನೀಟಾಗಿ ಎಳೆದ್ರೂ ಈ ಬಾಗ್ಲಿಂದ ಮಕ್ಕಳು ಆಚೆ ಹೋಗ್ತಾನೇ ಇರ್ತಾರೆ. ಪಶ್ಚಿಮದ ಕಡೆಗೆ ಹೊಸ ಹೈಸ್ಕೂಲಿಗೆ ಅಂತ 2025ರಲ್ಲಿ ಹರ್ನ್‌ಡನ್ ಹತ್ರ ಕಿಂಗ್ ಅಬ್ದುಲ್ಲಾ ಅಕಾಡೆಮಿಯ ಕಟ್ಟಡಾನ 150 ಮಿಲಿಯನ್ ಡಾಲರ್‌ಗೆ ಡಿಸ್ಟ್ರಿಕ್ಟ್ ಕೊಂಡುಕೊಳ್ತು, ಎಷ್ಟೋ ವರ್ಷದಿಂದ ಕೇಳ್ತಿದ್ದ ಸ್ಕೂಲು, ನಮ್ಮ ಕಡೆಯೋರಿಗೆ ನಿಜವಾಗ್ಲೂ ಸಮಾಧಾನ. ಅಲ್ಲಿಗೂ ಮೊದಲ ದಿನದಿಂದಲೇ ಒಳ್ಳೇ ಅಡ್ವಾನ್ಸ್ಡ್ ಕ್ಲಾಸ್ ಇಡಬೇಕು, ಇಲ್ಲಾಂದ್ರೆ ಹೊಸ ಕಟ್ಟಡದಿಂದ್ಲೂ ಮಕ್ಕಳು ಟ್ರಾನ್ಸ್‌ಫರ್ ಕೇಳ್ತಾರೆ.

ಪಕ್ಕದ ಲೌಡನ್ ಕೌಂಟಿ ಆಶ್‌ಬರ್ನ್‌ನಲ್ಲಿರೋ ನಮ್ಮ ಫ್ರೆಂಡ್ ಮಗ ಫ್ಯೂಚುರಾ ಅಂತ ಅಲ್ಲಿನ ಇಂಥದ್ದೇ ಪ್ರೋಗ್ರಾಂಗೆ ಹೋಗ್ತಿದ್ದ, ವಾರಕ್ಕೆ ಒಂದೇ ದಿನ ಬೇರೆ ಸ್ಕೂಲಿಗೆ ಬಸ್ಸು, ಉಳಿದ ನಾಲ್ಕು ದಿನ ತನ್ನ ಸ್ಕೂಲಲ್ಲೇ. ಗೆಳೆಯರು ಉಳೀತಾರೆ, ಆದ್ರೆ ವಾರಕ್ಕೆ ಒಂದು ದಿನ ಏನಕ್ಕೆ ಸಾಲುತ್ತೆ. ಮೇರಿಲ್ಯಾಂಡಿನ ಮಾಂಟ್‌ಗೊಮರಿ ಕೌಂಟೀಲಿ ನಾಲ್ಕನೇ ಕ್ಲಾಸಿನ ಸೆಂಟರ್ ಸೀಟಿಗೆ ಲಾಟರಿ ಎತ್ತುತ್ತಾರೆ, ಮಗು ಅರ್ಹ ಆದ್ರೂ ಚೀಟಿ ಬೀಳ್ಬೇಕು. ಅದಕ್ಕಿಂತ ನಮ್ಮದು ಎಷ್ಟೋ ಮೇಲು, ಅರ್ಹತೆ ಇದ್ರೆ ಸೀಟು ಗ್ಯಾರಂಟಿ.

ಇಷ್ಟೆಲ್ಲ ಬರೀವಾಗ ನನ್ ತಮ್ಮ ನೆನಪಾಗ್ತಾನೆ. ಐದನೇ ಕ್ಲಾಸಲ್ಲಿ ನವೋದಯ ಪರೀಕ್ಷೆ ಪಾಸಾದ, ಊರಿಗೇ ಅವನೊಬ್ಬನೇ. ಮೇಷ್ಟ್ರು ಮನೇಗೆ ಬಂದು ಪೇಡಾ ಕೊಟ್ಟಿದ್ರು. ಹಾಸ್ಟೆಲ್‌ಗೆ ಬಿಟ್ಟು ಬರೋ ದಿನ ಅಮ್ಮ ಅವನ ಟ್ರಂಕಿನ ಮೇಲೆ ಹೆಸ್ರು ಬರೆಸಿದ್ದು ಬಿಳಿ ಪೇಂಟಲ್ಲಿ, ಅದು ಒಣಗೋಕೆ ಮುಂಚೆ ಬಸ್ ಬಂತು, ಅಪ್ಪನ ಪಂಚೆಗೆಲ್ಲ ಬಣ್ಣ. ಅವನು ಇವತ್ತು ಚೆನ್ನಾಗಿದಾನೆ, ನವೋದಯ ಇಲ್ದಿದ್ರೆ ಅಷ್ಟು ಓದ್ತಿರ್ಲಿಲ್ಲ, ನಮ್ಮೂರಲ್ಲಿ ಅವಾಗ ಬೇರೆ ದಾರಿನೇ ಇರ್ಲಿಲ್ಲ. ಆದ್ರೆ ಊರಿನ ಹುಡುಗರಲ್ಲಿ ಅವನಿಗೆ ಇವತ್ತಿಗೂ ಒಬ್ಬ ಗೆಳೆಯ ಇಲ್ಲ, ಹಬ್ಬಕ್ಕೆ ಹೋದ್ರೆ ಮನೆ ಒಳಗೇ ಕೂತಿರ್ತಾನೆ. ಅಲ್ಲಿ ದಾರಿ ಇಲ್ದೆ ಕಳ್ಸಿದ್ರು. ಇಲ್ಲಿ ಎಂಟು ನಿಮಿಷ ನಡೆದ್ರೆ ಒಳ್ಳೇ ಕಟ್ಟಡ, ಒಳ್ಳೇ ಟೀಚರ್, ಒಳ್ಳೇ ಲೈಬ್ರರಿ ಎಲ್ಲ ಇದೆ, ಇಲ್ಲಿಂದ ಯಾಕೆ ಕಳಿಸ್ಬೇಕು?

ಇನ್ನು ಉಪಯೋಗಕ್ಕೆ ಬರೋ ನಾಲ್ಕು ಮಾತು. ಪೇರೆಂಟ್ ರೆಫರಲ್, ಅಂದ್ರೆ ಅಪ್ಪ ಅಮ್ಮ ತಾವೇ ಹಾಕೋ ಅರ್ಜಿ, ಅದರ ಡೆಡ್‌ಲೈನ್ ಡಿಸೆಂಬರ್ ನಡುವೆ ಬರುತ್ತೆ, ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುಂಚೆನೇ ಫಾರ್ಮ್ ರೆಡಿ ಮಾಡಿ. ಮಗುವಿನ ವರ್ಕ್ ಸ್ಯಾಂಪಲ್‌ಗೆ ಅಂತ ಹೊಸದಾಗಿ ಮಾಡಿಸ್ಬೇಡಿ, ಅದು ತಾನಾಗೇ ಬರೆದಿದ್ದು, ಕಟ್ಟಿದ್ದು, ಗೀಚಿದ್ದು ಒಂದು ಡಬ್ಬದಲ್ಲಿ ಹಾಕ್ತಾ ಬನ್ನಿ. ಸ್ಕೂಲಲ್ಲಿ ಎಎಆರ್‌ಟಿ ಅಂತ ಒಬ್ರು ಟೀಚರ್ ಇರ್ತಾರೆ, ಎಎಪಿ ಅವರ ಕೆಲಸ, ಎರಡನೇ ಕ್ಲಾಸ್ ಶುರುವಲ್ಲೇ ಹೋಗಿ ಮಾತಾಡಿ, ನಮಗೆ ಸಿಕ್ಕಿದವ್ರು ಬಂಗಾರದಂಥವ್ರು. ಲೋಕಲ್ ಆರಿಸೋಕೆ ಮುಂಚೆ ಮೂರೇ ಪ್ರಶ್ನೆ ಕೇಳಿ: ಗ್ರೇಡಿಗೆ ಎಷ್ಟು ಸೆಕ್ಷನ್, ಟೀಚರ್ ಈ ಪಾಠಕ್ಕೆ ಟ್ರೇನಿಂಗ್ ಆಗಿದಾರಾ, ಗಣಿತ ಪೂರ್ತಿ ಒಂದು ವರ್ಷ ಮುಂದೆ ಹೋಗುತ್ತಾ ಇಲ್ಲಾ ಅರ್ಧಂಬರ್ಧನಾ. ಮೂರನೇದಕ್ಕೆ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಸೆಂಟರ್‌ಗೇ ಕಳ್ಸಿ, ನಾನೇ ಹೇಳ್ತಿದೀನಿ. ನಮ್ಮ ಸ್ಕೂಲಲ್ಲಿ ಮೂರಕ್ಕೂ ಒಳ್ಳೇ ಉತ್ತರ ಬಂತು.

ಹೋದ ವಾರ ಚಿಕ್ಕೋನು ಕ್ಲಾಸಿಂದ ಬಂದು ಟೂತ್‌ಪಿಕ್ ಡಬ್ಬ ಕೇಳ್ದ. ಅದೇ 24 ಕಡ್ಡಿ, ಈಗ ಮೂರನೇ ಕ್ಲಾಸಲ್ಲೇ. ಅವನ ಜೊತೆ ಬೀದಿಯ ಇನ್ನಿಬ್ಬರು ಹುಡುಗರಿದ್ರು, ಒಬ್ಬ ಎಲಿಜಿಬಲ್, ಇನ್ನೊಬ್ಬನ್ನ ಪ್ರಿನ್ಸಿಪಾಲ್ ಹಾಕಿದ್ದು, ಯಾರು ಯಾವ್ದು ಅಂತ ಅವ್ರಿಗೆ ಗೊತ್ತೂ ಇಲ್ಲ. ಒಂದು ಡಬ್ಬ ಸಾಲ್ದೆ ಇನ್ನೊಂದು ತರೋಕೆ ನಾನು ಅಂಗಡಿಗೆ ಹೋದೆ.